ಚನ್ನವೀರಪ್ಪನ ಕ್ಲಚ್‌ದಹನ

ಸವೆದ ಟೈರಿಗೆ ಕಪ್ಪು ಪಾಲಿಶ್ ಬಳಿದು ಯೌವನದಾನ ಮಾಡುವ, ಓಡಿದ ದೂರವನ್ನು ಮೀಟರಿನಲ್ಲಿ ಹಿಂದಕ್ಕೆ ಓಡಿಸಿ ಕಾಲಪುರುಷನನ್ನೇ ನಾಚಿಸುವ, 'ಒಬ್ಬರೇ ಡಾಕ್ಟರು ಓಡಿಸಿದ್ದು' ಎಂಬ ಮಹಾಮಂತ್ರವನ್ನು ಹಗಲಿರುಳು ಜಪಿಸುವ ಹಳೇ ಕಾರು ದಲಾಲಿಗಳ ಕುಲದೇವತೆಯೇ, ನಿನಗೆ ನಮೋ ನಮಃ. ನಿನ್ನ ಕೃಪಾಕಟಾಕ್ಷವಿಲ್ಲದೆ ಈ ಕಥೆ ಹುಟ್ಟುತ್ತಿರಲಿಲ್ಲ. ನಡೆಯುವವರು ಸ್ಕೂಟರನ್ನೂ, ಸ್ಕೂಟರಿನವರು ಕಾರನ್ನೂ, ಕಾರಿನವರು ಕಾರಿಗಿಂತ ಒಂದು ಗೇಣು ಎತ್ತರವಾದುದನ್ನೂ ಬಯಸಿ ಬಯಸಿ ಬಡವಾಗುವ ಈ ಮಹಾಯುಗದಲ್ಲಿ, ಗದಗ ಪಟ್ಟಣದಲ್ಲಿ, ಸ್ಟೀಲ್‌ಪಾತ್ರಾವಿಕ್ರಯಧುರಂಧರನೂ ಕುಕ್ಕರ್‌ಕುಲತಿಲಕನೂ ಗಿರಾಕಿಗರ್ವಭಂಜನನೂ ಆದ ಚನ್ನವೀರಪ್ಪ ಸೊರಟೂರ ಎಂಬ ಮಹಾರಥನಿದ್ದನು. ರಥವೊಂದು ಇರಲಿಲ್ಲ, ಅಷ್ಟೆ.

ಆ ಕೊರತೆಯನ್ನು ಎತ್ತಿ ಆಡಿದವರು ಧಾರವಾಡದ ಬೀಗರು ಗುರುಸಿದ್ಧಪ್ಪನವರು. ಮಗಳು ಅಕ್ಷತಾಳ ಮದುವೆಗೆ ಚನ್ನವೀರಪ್ಪನ ಬಳಗ ಬಾಡಿಗೆ ಟೆಂಪೋದಲ್ಲಿ ಬಂದಿಳಿದಾಗ, ತಮ್ಮ ಹಳೇ ಜೀಪಿಗೆ ಒರಗಿ ನಿಂತಿದ್ದ ಅವರು, ಬೀಗರಿಗೆ ಸ್ವಂತದ್ದೊಂದು ಗಾಡಿ ಇಲ್ಲೇನು ಎಂದು ನಗುತ್ತಾ ಕೇಳಿದ್ದರು. ಕೇಳಿದವರು ಅಂದೇ ಮರೆತರು. ಕೇಳಿಸಿಕೊಂಡವನು ಮರೆಯಲಿಲ್ಲ. ಈಗ ಅಕ್ಷತಾ ತುಂಬಿದ ಬಸುರಿ. ಗಂಡನ ಮನೆಯಲ್ಲಿ ಕುಬಸವೆಂಬ ಸೀಮಂತದ ಶಾಸ್ತ್ರ ಮುಗಿಸಿ, ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರುವ ಹೊತ್ತು ಬಂದಿತ್ತು. ಹೆಂಡತಿ ನೀಲವ್ವನೂ ಸಾಲುಸಾಲು ಇಡ್ಲಿಪಾತ್ರೆಗಳೂ ಸಾಕ್ಷಿಯಾಗಿರಲು, ಆ ವೀರನು ಅಂಗಡಿಯ ಗಲ್ಲೆಯ ಮುಂದೆ ಎದ್ದು ನಿಂತು ಪ್ರತಿಜ್ಞೆಗೈದನು.

"ಕೇಳಿಲ್ಲೆ. ನನ್ನ ಮಗಳು ತವರಿಗೆ ಬಂದ್ರ ನನ್ನ ಸ್ವಂತ ಗಾಡಿಯೊಳಗ ಬರ್ತಾಳ. ಬೀಗರ ಜೀಪಿನ್ಯಾಗ ಅಕಿ ಕಾಲಿಟ್ರ ನಾ ಚನ್ನವೀರಪ್ಪನ ಅಲ್ಲ."

ಬಸ್ಸಿಗೆ ಬಂದರೆ ಆಗುವುದಿಲ್ಲವೇ ಎಂದು ನೀಲವ್ವ ಕೇಳಿದಳು. ವೀರರಿಗೆ ಇಂಥ ಪ್ರಶ್ನೆಗಳಿಗೆ ಉತ್ತರಿಸುವ ರೂಢಿಯಿಲ್ಲ.

ಹೀಗೆ ಹುಬ್ಬಳ್ಳಿಯ ದಲಾಲಿಯೊಬ್ಬನ ಅಂಗಳದಿಂದ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಎಸ್‌ಯುವಿ ಗದಗಕ್ಕೆ ಚಿತ್ತೈಸಿತು. ಕಾರಿಗಿಂತ ಎತ್ತರ, ಜೀಪಿಗಿಂತ ಗಿಡ್ಡ. ಹೊರಗಿನಿಂದ ಮೇರುಪರ್ವತ, ಒಳಗೆ ಹಿಂದಿನ ಸೀಟಿನಲ್ಲಿ ಕೂತವರ ಮೊಣಕಾಲು ಗದ್ದಕ್ಕೆ. ಸ್ಟೇರಿಂಗಿನ ಹಿಂದೆ ಸದಾ ಒಂದು ಹಳದಿ ದೀಪ ಉರಿಯುತ್ತಿತ್ತು. ಗಾಡಿ ಎಚ್ಚರವಾಗಿದೆ ಎಂಬುದಕ್ಕೆ ಅದು ಗುರುತು ಎಂದು ದಲಾಲಿ ಹೇಳಿದನು. ಉರಿಯುವ ದೀಪ ಶುಭವೇ ಸರಿ ಎಂದು ನೀಲವ್ವ ಅದರ ಪಕ್ಕದಲ್ಲಿ ಕುಂಕುಮವಿಟ್ಟಳು.

ಆಮೇಲೆ ಶುರುವಾಯಿತು ನೋಡಿ, ರಥಸೇವೆ! ಎಸಿ ಎಂಬ ಶೀತಲಾಸ್ತ್ರವು ವಾರದೊಳಗೆ ಒಲೆಯ ಗಾಳಿಯನ್ನು ಉಗುಳಿತು. ಗ್ಯಾಸ್ ತುಂಬಿಸಿದರೆ ಗ್ಯಾಸ್ ನಿಲ್ಲಲಿಲ್ಲ. ಮುಂದಿನ ಗಾಲಿಗಳ ಸಸ್ಪೆನ್ಷನ್ ರಸ್ತೆಯ ಪ್ರತಿ ಉಬ್ಬಿಗೂ ಕಟಕಟನೆ ಹಲ್ಲು ಕಡಿಯಿತು. ಅದನ್ನು ಬದಲಿಸಿದ ಮರುದಿನವೇ ಇಲಿಯೊಂದು ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರುಗಳನ್ನು ಮೆದ್ದಿತು. ಮೈಲೇಜು ಎಷ್ಟು ಎಂದು ಕೇಳಿದವರ ಜೊತೆ ನಮ್ಮ ನಾಯಕ ಮಾತು ಬಿಟ್ಟನು. ಮೇಲೆ ಥಳಕು, ಒಳಗೆ ಹುಳುಕು. ಪಾತ್ರೆ ಅಂಗಡಿ ದುಡಿದದ್ದನ್ನೆಲ್ಲ ಗ್ಯಾರೇಜು ಉಂಡಿತು. ಇಷ್ಟಾದರೂ ಕ್ಲಚ್ಚೊಂದು ಗಟ್ಟಿಯಾಗಿತ್ತು. ಆದರೆ ಎಡಗಾಲನ್ನು ಕ್ಲಚ್ಚಿನ ಮೇಲಿಂದ ಎತ್ತುವುದು ವೀರಲಕ್ಷಣವಲ್ಲ ಎಂದು ಚನ್ನವೀರಪ್ಪನು ನಂಬಿದ್ದನು.

ಕುಬಸದ ದಿನ ಬಂದಿತು. ಗಂಡಹೆಂಡತಿ ಬೆಳಿಗ್ಗೆಯೇ ಧಾರವಾಡ ಮುಟ್ಟಿದರು. ಬೀಗರ ಮನೆ ಇರುವುದು ಕಡಿದಾದ ಏರು ಓಣಿಯಲ್ಲಿ. ಊಟ ಮುಗಿಯಿತು, ರಾಹುಕಾಲಕ್ಕೆ ಮುಂಚೆ ಹೊರಡಬೇಕೆಂದು ನಿಶ್ಚಯವಾಯಿತು. ಮುಹೂರ್ತ ತಪ್ಪೀತೆಂದು ಚನ್ನವೀರಪ್ಪನು ಎಲ್ಲರಿಗಿಂತ ಮೊದಲೇ ರಥವೇರಿ ಎಂಜಿನ್ ಚಾಲೂ ಮಾಡಿದನು. ಶುಭಗಳಿಗೆಯಲ್ಲಿ ಹೊತ್ತಿಸಿದ್ದನ್ನು ಆರಿಸಿದರೆ ಹೊರಟರೂ ಹೊರಟಂತಾಗದು ಎಂಬುದು ಅವನ ಶಾಸ್ತ್ರ. ಹ್ಯಾಂಡ್‌ಬ್ರೇಕೋ, ಹೆಸರಿಗೆ ಮಾತ್ರ ಇತ್ತು. ಆದುದರಿಂದ ಆ ಧೀರೋದಾತ್ತನು ಗಾಡಿಯ ಮೂತಿ ಏರಿನತ್ತ ಇರಲು, ಬಲಗಾಲಿನಿಂದ ಆಕ್ಸಿಲರೇಟರನ್ನು ಒತ್ತಿ, ಎಡಗಾಲಿನಿಂದ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಗಾಡಿ ಮುಂದೂ ಹೋಗದಂತೆ ಹಿಂದೂ ಜಾರದಂತೆ ನಿಲ್ಲಿಸಿಕೊಂಡು ಮಗಳ ದಾರಿ ಕಾದನು.

ಒಳಗೆ ಉಡಿ ತುಂಬುತ್ತಿದ್ದರು. ಬೀಗತಿ ಗಿರಿಜವ್ವ ಅಕ್ಕಿ, ಕೊಬ್ಬರಿಬಟ್ಟಲು, ಕುಪ್ಪಸದ ಕಣ ಇಟ್ಟರು. ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ತುಂಬಿದರು. ಆಮೇಲೆ ಎಲ್ಲರೂ ಹೊಸ್ತಿಲಿಗೆ ಬಂದು ನಿಂತರು. ಹೊರಟು ನಿಂತ ಹೆಂಗಸರು ಹೊಸ್ತಿಲಲ್ಲಿ ಆಡುವ ಮಾತಿನ ಉದ್ದವನ್ನು ಆದಿಶೇಷನೂ ತನ್ನ ಸಾವಿರ ನಾಲಿಗೆಯಿಂದ ಬಣ್ಣಿಸಲಾರ, ನನ್ನಂಥವನ ಪಾಡೇನು? ಹೊರಗೆ ಏನೋ ಸುಟ್ಟ ವಾಸನೆ ಹಬ್ಬಿತು. ಗುರುಸಿದ್ಧಪ್ಪನವರು ಮೂಗು ಮುಚ್ಚಿಕೊಂಡು ಬಂದು, ಎಂಜಿನ್ ಬಂದ್ ಮಾಡಿ ಎಂದು ಬೇಡಿಕೊಂಡರು.

"ಯುದ್ಧಕ್ಕ ನಿಂತ ಕುದುರಿ ನಡುವ ಮಲಗಂಗಿಲ್ರೀ ಬೀಗರ," ಎಂದನು ಚನ್ನವೀರಪ್ಪನು. "ನಮ್ಮ ಗಾಡೀನೂ ಹಂಗ."

ಕೊನೆಗೂ ಅಕ್ಷತಾ ತುಂಬಿದ ಉಡಿ ಹಿಡಿದು ಹೊಸ್ತಿಲು ದಾಟಿ ಬಂದು ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂತಳು. ನಾಯಕನು ಕುಲದೈವವನ್ನು ನೆನೆದು ಆಕ್ಸಿಲರೇಟರನ್ನು ತುಳಿದನು. ಎಂಜಿನ್ ಸಿಂಹನಾದ ಮಾಡಿತು. ಓಣಿಯ ನಾಯಿಗಳು ಎದ್ದೋಡಿದವು. ಗಾಡಿ ಮಾತ್ರ ಗಂಭೀರವಾಗಿ ಹಿಂದಕ್ಕೆ ಜಾರಿತು. ಬಾನೆಟ್ಟಿನ ಸಂದಿಯಿಂದ ಹೊಗೆಯೆದ್ದಿತು. ಗುರುಸಿದ್ಧಪ್ಪನವರು ಓಡಿಬಂದು ಹಿಂದಿನ ಗಾಲಿಗೆ ಕಲ್ಲು ಕೊಟ್ಟರು. ಕ್ಲಚ್ಚು ಸುಟ್ಟು ಭಸ್ಮವಾಗಿತ್ತು. ಸರಿಯಾಗಿ ಆಗಲೇ ರಾಹುಕಾಲವೂ ಕೂಡಿತು.

ಈಗಿನ ಸಂಕಟ ಕೇಳಿರಿ. ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದವಳು ತವರು ಮುಟ್ಟುವ ತನಕ ಹಿಂದಿರುಗಿ ಆ ಮನೆ ಹೊಗುವಂತಿಲ್ಲ. ಗಾಡಿ ಮುಂದೆ ಹೋಗದು. ಜೀಪು ತರುತ್ತೇನೆ ಎಂದು ಬೀಗರು ಅಂದರು, ಪ್ರತಿಜ್ಞಾಬದ್ಧನು ಬೇಡವೆಂದನು. ಗಿರಿಜವ್ವ ಕಿಟಕಿಯಿಂದಲೇ ಚಹಾ ಕೊಟ್ಟರು. ಚನ್ನವೀರಪ್ಪನು ಕನ್ನಡಿಯಲ್ಲಿ ಮಗಳ ಬೆವೆತ ಮುಖ ನೋಡಿದನು. ಸುಡಲಿ ಈ ಮಾನ, ಹೋಗಲಿ ಮಗಳು ಜೀಪಿನಲ್ಲಿ ಎಂದು ಮನಸ್ಸು ಕೂಗಿತು, ನಾಲಿಗೆ ಏಳಲಿಲ್ಲ. ವೀರರ ನಾಲಿಗೆಯೇ ಹಾಗೆ, ಹೊಗಳಿಕೊಳ್ಳಲು ಮಾತ್ರ ಚುರುಕು.

ಆಗ ಅಕ್ಷತಾ ಬಾಗಿಲು ತೆರೆದಳು.

"ಅಪ್ಪಾ, ನಂಗ ಬಚ್ಚಲಕ್ಕ ಹೋಗಬೇಕು."

ಹೊಸ್ತಿಲು ದಾಟಿದವಳು ಹಿಂದಿರುಗಬಾರದೆಂದು ಗಿರಿಜವ್ವ ಮೆಲ್ಲನೆ ನೆನಪಿಸಿದರು.

"ಹಂಗಾರ ಹೊಸ್ತಿಲ ಹೊರಗ ಕುಂದರ್ಲೇನ್ರೀ ಅತ್ತಿ?" ಎಂದು ಅಕ್ಷತಾ ಉಡಿಯಲ್ಲಿದ್ದುದನ್ನು ತಾಯಿಯ ಸೆರಗಿಗೆ ಸುರಿದು ದಡದಡ ಒಳಗೆ ನಡೆದೇಬಿಟ್ಟಳು. ಶಾಸ್ತ್ರ, ಮುಹೂರ್ತ, ಪ್ರತಿಜ್ಞೆ, ಎಲ್ಲವೂ ಪಕ್ಕಕ್ಕೆ ಸರಿದು ದಾರಿ ಬಿಟ್ಟವು.

ರಾಹುಕಾಲ ಕಳೆದ ಮೇಲೆ ಅವಳ ಉಡಿಯನ್ನು ಮತ್ತೆ ತುಂಬಿದರು. ಅಕ್ಷತಾ ಯಾರನ್ನೂ ಕೇಳದೆ ಜೀಪು ಹತ್ತಿದಳು. ನೀಲವ್ವನೂ ಗಂಡನ ಮುಖ ನೋಡದೆ ಹತ್ತಿದಳು. ಗುರುಸಿದ್ಧಪ್ಪನವರು ಸೌಮ್ಯವಾಗಿ, ಬರ್ರಿ ಬೀಗರ, ಮುಂದ ಜಾಗ ಐತಿ ಎಂದು ಕರೆದರು. ಜೀಪು ಹತ್ತಲು ಮಾನ ಬಿಡಲಿಲ್ಲ, ಗಾಡಿಯನ್ನು ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ನಮ್ಮ ನಾಯಕನು ಗಾಲಿಯ ಕಲ್ಲಿನ ಪಕ್ಕ ನಿಂತು ಮಗಳಿಗೆ ಕೈಬೀಸಿದನು.

ಆ ಮಾದರಿಯ ಕ್ಲಚ್ ಪ್ಲೇಟು ಧಾರವಾಡದಲ್ಲಿಲ್ಲ, ಹುಬ್ಬಳ್ಳಿಯಲ್ಲಿಲ್ಲ. ಎಲ್ಲಿಂದಲೋ ಬರಬೇಕು, ಇಂದು ನಾಳೆ ಎಂದು ಗ್ಯಾರೇಜಿನವನು ವಾರ ದೂಡಿದನು. ಗದಗದಿಂದ ಅಕ್ಷತಾ ಅತ್ತೆಗೆ ಫೋನು ಮಾಡಿ, ಅಪ್ಪ ಯಾವಾಗ ಬರ್ತಾನ ಎಂದು ಕೇಳಿದಳು. ಬೀಗರ ಮನೆಯಲ್ಲೇ ಉಳಿದು, ಅವರದೇ ಲುಂಗಿಯುಟ್ಟು ಪಡಸಾಲೆಯಲ್ಲಿ ಮೆಂತೆಪಲ್ಲೆ ಸೋಸುತ್ತ ಕೂತಿದ್ದ ಚನ್ನವೀರಪ್ಪನಿಗೆ ಎಲ್ಲ ಕೇಳಿಸುವಂತೆ ಗಿರಿಜವ್ವ ಉತ್ತರ ಕೊಟ್ಟರು.

"ಅವಸರ ಮಾಡಬ್ಯಾಡವಾ. ಛಲೋ ದಿನ ನೋಡಿ ನಿಮ್ಮಪ್ಪನ್ನ ಕಳಸ್ತೀವಿ."

ಮಹಾರಥನು ತಲೆಯೆತ್ತದೆ ಮೆಂತೆಯ ಇನ್ನೊಂದು ಕಟ್ಟು ಬಿಚ್ಚಿದನು.