ಮೂರು ಕಾಲೇಜು, ಒಂದು ಫೈಲು

ಸ್ನಾನ ಮುಗಿಸಿ, ಇಷ್ಟಲಿಂಗ ಪೂಜೆ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ನಾನು ಚಹಾ ಮುಟ್ಟುವವಳಲ್ಲ. ಜ್ವರ ಬಂದ ದಿನವೂ ತಪ್ಪಿಸಿಲ್ಲ. ಪೂಜೆಯಲ್ಲಿ ಬೇಡುವುದು ಒಂದೇ: ಇವತ್ತು ನನ್ನಿಂದ ಯಾರ ಮನಸ್ಸೂ ನೋಯದಿರಲಿ. ಆ ಶನಿವಾರವೂ ಬೇಡಿದೆ. ದೇವರು ಅಕ್ಷರಶಃ ನಡೆಸಿಕೊಟ್ಟ. ನನ್ನನ್ನೂ ಇಬ್ಬರು ಹುಡುಗಿಯರನ್ನೂ ಬಿಟ್ಟರೆ ಜಿಲ್ಲೆಯಲ್ಲಿ ಅವತ್ತು ಎಲ್ಲರೂ ಸುಖವಾಗಿದ್ದರು.

ನಾನು ಓದಿದ್ದು ಏಳನೇ ತರಗತಿವರೆಗೆ. ಉಳಿದದ್ದನ್ನು ಕಿರಾಣಿ ಅಂಗಡಿಯ ಪೊಟ್ಟಣದ ಕಾಗದ ಓದಿ ಕಲಿತೆ. ಈಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾವ ಅರ್ಜಿ ತುಂಬುವುದಿದ್ದರೂ ನನ್ನ ಬಳಿಗೇ ಬರಬೇಕು. ಹಾಗಾಗಿ ನನ್ನ ಮಗಳು ಭುವನೇಶ್ವರಿ, ಪಕ್ಕದ ಮನೆಯ ಲಾಡಬಿಯ ಮಗಳು ಫರಹಾನಾ ಇಬ್ಬರೂ ಪಿಯುಸಿ ಪಾಸಾದಾಗ ಕಾಲೇಜು ಹುಡುಕುವ ಮಹಾಕಾರ್ಯ ನನ್ನ ಹೆಗಲಿಗೇ ಬಂತು.

ಹುಡುಗಿಯರು ಹುಡುಕಿಯೇ ಬಿಟ್ಟಿದ್ದರು. ಬಾಗಲಕೋಟೆ ನವನಗರದ ಒಂದು ಕಾಲೇಜು, ಬಿ.ಎಸ್ಸಿ., ಜೊತೆಗೆ ಹಾಸ್ಟೆಲ್. ಎರಡೂ ಮನೆಯ ಗಂಡಸರು ಒಂದೇ ಕರಾರು ಹಾಕಿದ್ದರು: ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಮನೆ. ಒರಿಜಿನಲ್ ಕಾಗದಗಳು ಕೈಗೆ ಬಂದದ್ದು ಶುಕ್ರವಾರ. ಅರ್ಜಿಗೆ ಕೊನೆಯ ಗಡುವು ಶನಿವಾರ ಸಂಜೆ ಐದು.

"ಸೀದಾ ಬಾಗಲಕೋಟಿಗೆ ಹೋಗೂಣು ಅವ್ವ," ಅಂದಳು ಭುವನೇಶ್ವರಿ.

"ಒಂದು ಸೀರಿ ತಗೋಬೇಕಂದ್ರ ಐವತ್ತು ಬಿಚ್ಚಿಸಿ ನೋಡೋ ಊರಾಗ ಹುಟ್ಟಿ, ಮೂರು ವರ್ಷದ ಕಾಲೇಜನ್ನ ನೋಡದ ಆರಿಸ್ತೀ? ಮೊದಲ ಹುನಗುಂದ, ಆಮ್ಯಾಲ ಬಾದಾಮಿ, ಕಡೀಕ ಬಾಗಲಕೋಟಿ. ಮೂರೂ ನೋಡೂಣು."

ನಮ್ಮವರು ಹಲ್ಲುಜ್ಜುತ್ತಲೇ ಹೇಳಿದರು: "ನೋಡಾಕ ಹೋಗು. ಆದ್ರ ಯಾರ ಮಾತೂ ಕೇಳಾಕ ಕುಂದರಬ್ಯಾಡ."

ನನ್ನ ರೋಗ ಅವರಿಗೆ ಗೊತ್ತು. ಎದುರಿಗೆ ಯಾರಾದರೂ ಕಷ್ಟ ಹೇಳತೊಡಗಿದರೆ ನಾನು ನಡುವೆ ಎದ್ದು ಬರಲಾರೆ.

ಹುನಗುಂದದ ಕಾಲೇಜಿನ ಗೇಟಿನಲ್ಲೇ ಅನಿಲಕುಮಾರ ಎಂಬ ಉಪನ್ಯಾಸಕರು ನಮ್ಮನ್ನು ಹಿಡಿದರು. ನೆರಳಿಗೆ ಕರೆದೊಯ್ದು ಕುರ್ಚಿ ಕೊಟ್ಟು ನೀರು ಕುಡಿಸಿದರು. ಪ್ರಯೋಗಶಾಲೆ ತೋರಿಸುತ್ತಾರೆ ಅಂದುಕೊಂಡೆ. ಅವರು ತಮ್ಮ ಬಾಳನ್ನೇ ತೋರಿಸಿದರು.

"ಅಕ್ಕಾರ, ಒಬ್ಬೊಬ್ಬ ಲೆಕ್ಚರರ್ ಹತ್ತ ಹುಡುಗರನ್ನ ತರಬೇಕಂತ ಮ್ಯಾನೇಜ್‌ಮೆಂಟಿನವ್ರು ಹೇಳ್ಯಾರ. ಇಲ್ಲಂದ್ರ ಮುಂದಿನ ತಿಂಗಳಿಂದ ಬರಬ್ಯಾಡ ಅಂತಾರ. ಎಂಟ ಆಗ್ಯಾವ."

ನಾನು ಹುಡುಗಿಯರತ್ತ ನೋಡಿದೆ. ಇಬ್ಬರು. ಎಂಟಕ್ಕೆ ಎರಡು ಕೂಡಿದರೆ ಹತ್ತು. ಇದು ದೈವಸಂಕಲ್ಪವಲ್ಲದೆ ಮತ್ತೇನು?

"ಅಡ್ಮಿಶನ್ ಬ್ಯಾಡ್ರಿ," ಅಂದರು ಅವರು, ನನ್ನ ಕಣ್ಣು ಒದ್ದೆಯಾದದ್ದನ್ನು ನೋಡಿ. "ಮಾರ್ಕ್ಸ್ ಕಾರ್ಡ್ ಅಷ್ಟ ಇಟ್ಟು ಹೋಗ್ರಿ. ಸಂಜಿ ಮಟ ನನ್ನ ಲೆಕ್ಕಕ್ಕ ಇರ್ತಾವ."

"ಕಾಕು, ಒರಿಜಿನಲ್ ಕೊಡಬ್ಯಾಡ್ರಿ," ಫರಹಾನಾ ನನ್ನ ಸೆರಗು ಜಗ್ಗಿದಳು.

"ಪಾಪ, ಸಣ್ಣ ಮಕ್ಕಳದಾವ ಅವರಿಗೆ," ಅಂದು ಎರಡೂ ಮಾರ್ಕ್ಸ್ ಕಾರ್ಡ್ ಸರ್ ಕೈಗಿಟ್ಟೆ.

ಬಾದಾಮಿಯಲ್ಲಿ ನಾನು ಕಲ್ಲಾಗಬೇಕೆಂದು ನಿರ್ಧರಿಸಿದ್ದೆ. ಆ ಊರಿನಲ್ಲಿ ಕಲ್ಲಿಗೇನೂ ಕೊರತೆಯಿಲ್ಲ. ಆದರೆ ಅಲ್ಲಿದ್ದವರು ಸುನಂದಾ ಮೇಡಂ. ಅವರ ವಿಭಾಗದಲ್ಲಿ ಕಲಿಸುವವರು ಎಂಟು ಜನ, ಕಲಿಯುವವರು ಏಳು. ಮಜ್ಜಿಗೆ ಕೊಟ್ಟರು. ಹೋದ ವರ್ಷ ಖಾಲಿ ಬೆಂಚುಗಳಿಗೆ ಪಾಠ ಮಾಡಿದ ಕತೆ ಹೇಳಿದರು. ಒಂದು ತಾಸು ಹೇಳಿದರು. ನಾನು ಒಂದು ತಾಸು ಕೇಳಿದೆ.

"ಟಿ.ಸಿ. ಐತೇನ್ರಿ? ಪ್ರಿನ್ಸಿಪಾಲರಿಗೆ ತೋರಿಸಿ ಬಂದಬಿಡ್ತೇನಿ. ವಿಭಾಗ ಉಳೀತೈತಿ ಅಂತ ಅವ್ರಿಗೂ ಒಂದ ಧೈರ್ಯ."

ತೋರಿಸಿದರು. ಧೈರ್ಯ ಬಂದ ಪ್ರಿನ್ಸಿಪಾಲರು ಎರಡೂ ಟಿ.ಸಿ.ಗಳನ್ನು ಕಪಾಟಿನಲ್ಲಿಟ್ಟು, ಕೀಲಿ ಜೇಬಿಗೆ ಹಾಕಿಕೊಂಡು ಊರಿಗೆ ಹೋದರು. ಮತ್ತೆ ಬರುವುದು ಸೋಮವಾರ.

ಬಾಗಲಕೋಟೆಯ ಬಸ್ಸಿನಲ್ಲಿ ಮಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನವನಗರದ ಕಾಲೇಜು ಮುಟ್ಟಿದಾಗ ನಾಲ್ಕೂಮುಕ್ಕಾಲು. ಎಂಥ ಕಾಲೇಜು! ಅಗಲವಾದ ಅಂಗಳ, ಎದುರಿಗೇ ಹಾಸ್ಟೆಲ್, ಕಿಟಕಿಗಳಲ್ಲಿ ಒಣಹಾಕಿದ ದುಪಟ್ಟಾಗಳು. ಫರಹಾನಾ ಆ ಕಿಟಕಿಗಳನ್ನೇ ನೋಡುತ್ತ ನಿಂತಳು.

ಗುಮಾಸ್ತರು ಕೈ ಚಾಚಿದರು. "ಮಾರ್ಕ್ಸ್ ಕಾರ್ಡ್?"

"ಹುನಗುಂದದಾಗ ಅದಾವ್ರಿ."

"ಟಿ.ಸಿ.?"

"ಬಾದಾಮ್ಯಾಗ್ರಿ."

ಅವರು ನನ್ನ ಕೈಯಲ್ಲಿದ್ದ ಫೈಲು ತೆಗೆದುಕೊಂಡು ತೆರೆದರು. ಒಳಗೆ ನಾಲ್ಕು ಪಾಸ್‌ಪೋರ್ಟ್ ಫೋಟೋಗಳಿದ್ದವು.

"ಅಕ್ಕಾರ, ಫೋಟೋಕ್ಕ ಅಡ್ಮಿಶನ್ ಕೊಡೂದಿಲ್ರಿ."

ಹುಡುಗಿಯರ ಮುಖ ನೋಡಿ ಅವರ ಮನಸ್ಸು ಸ್ವಲ್ಪ ಕರಗಿತು. "ಹಾಸ್ಟೆಲ್‌ದು ಎರಡ ಸೀಟ್ ಉಳದಾವ. ಸೋಮವಾರ ಹನ್ನೊಂದರೊಳಗ ಎಲ್ಲಾ ಒರಿಜಿನಲ್ ತಂದ್ರ ಸಾಹೇಬ್ರನ್ನ ಕೇಳಿ ನೋಡ್ತೇನಿ. ಸಿಗತಾವ ಅಂತ ಮಾತ್ರ ಹೇಳೂದಿಲ್ಲ."

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ.

"ಎಷ್ಟ ಕಾಲೇಜು ನೋಡಿದ್ರಿ?" ನಮ್ಮವರು ಕೇಳಿದರು.

"ಮೂರು."

"ಯಾವುದು ಆರಿಸಿದ್ರಿ?"

"ಎಲ್ಲಾದ್ರಾಗೂ ಸ್ವಲ್ಪ ಸ್ವಲ್ಪ ಸೇರಿಸೇನ್ರಿ."

ಯಾವ ಕಾಗದ ಯಾವ ಊರಿನಲ್ಲಿದೆ ಎಂದು ಅವರು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಆಮೇಲೆ, "ಸೋಮವಾರ ನಾ ಬಾದಾಮಿಗೆ ಹೋಗ್ತೇನಿ, ನೀ ಹುನಗುಂದಕ್ಕ ಹೋಗು. ಲಾಡಬಿಗೆ ನೀನ ಹೇಳು," ಎಂದು ಫೋನ್ ಇಟ್ಟರು. ಲಾಡಬಿಗೆ ಏನು ಹೇಳಲಿ? ಬೆಳಿಗ್ಗೆ ಮಗಳ ಕಾಗದ ನನ್ನ ಕೈಗೆ ಕೊಡುವಾಗ ಅವಳು, "ಅಕ್ಕಾ, ನಮ್ಮ ಮನ್ಯಾಗ ಕಾಲೇಜ್ ಮೆಟ್ಟಲಾ ಹತ್ತಾಕಿ ಇಕೀನ ಮೊದಲ," ಅಂದಿದ್ದಳು.

ಗೇಟಿನ ಹೊರಗೆ ಕರಪತ್ರ ಹಂಚುತ್ತ ನಿಂತಿದ್ದವರು ಯಾರು? ಅನಿಲಕುಮಾರ ಸರ್! ಈ ಕಾಲೇಜಿನಲ್ಲಿ ಸೀಟು ಸಿಗದವರನ್ನು ಹಿಡಿಯಲು ಹುನಗುಂದದಿಂದ ಬಂದಿದ್ದರು.

"ಸರ್, ನಮ್ಮ ಮಾರ್ಕ್ಸ್ ಕಾರ್ಡ್ ವಾಪಸ್ ಕೊಡ್ರಿ," ಭುವನೇಶ್ವರಿ ಅವರ ದಾರಿಗೆ ಅಡ್ಡ ನಿಂತಳು.

"ಆಫೀಸಿನಾಗ ಅದಾವಮ್ಮಾ. ಸೋಮವಾರ ಒಂಬತ್ತಕ್ಕ ಬಾ, ಕೊಡ್ತೇನಿ."

ಫರಹಾನಾ ಅವರದೇ ಕರಪತ್ರದ ಹಿಂದೆ ಅದನ್ನು ಬರೆಸಿ, ಸಹಿ ಹಾಕಿಸಿ, ಫೋನ್ ನಂಬರನ್ನೂ ತೆಗೆದುಕೊಂಡಳು. ಏಳನೇ ತರಗತಿ ಓದಿದ ನನಗೆ ಅದು ಹೊಳೆದಿರಲಿಲ್ಲ.

ಸರ್ ನನ್ನತ್ತ ತಿರುಗಿ ಕೈಮುಗಿದರು. "ಅಕ್ಕಾರ, ನಿಮ್ಮಷ್ಟು ಸಮಾಧಾನದಿಂದ ಯಾರೂ ನನ್ನ ಮಾತು ಕೇಳಿಲ್ಲ. ಕಾರ್ ಐತಿ, ಇಳಕಲ್ಲಿನ ಮಟ ಬಿಡ್ತೇನಿ ಬರ್ರಿ. ಮುಂಜಾನೆ ಅರ್ಧ ಅಷ್ಟ ಹೇಳಿದ್ದೆ, ಉಳದದ್ದನ್ನ ದಾರ್ಯಾಗ ಹೇಳ್ತೇನಿ."

ಬೆಳಗಿನಿಂದ ಕಾಲು ಬಾತುಕೊಂಡಿತ್ತು. ಕಾರಿನ ಹಿಂದಿನ ಸೀಟು ಮೆತ್ತಗೆ ಕಾಣುತ್ತಿತ್ತು. ಹುಡುಗಿಯರಿಬ್ಬರೂ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಬ್ಯಾಡ್ರಿ ಸರ್," ಅಂದೆ. "ನಾವು ಬಸ್ಸಿಗೇ ಹೋಗ್ತೇವಿ. ನಿಮ್ಮ ಕಾರು ಹತ್ತಿದ್ರ ಅರ್ಧ ದಾರ್ಯಾಗಿನ ಅಮೀನಗಡ ಮುಟ್ಟೂದ್ರಾಗ ನನ್ನ ಆಧಾರ್ ಕಾರ್ಡೂ ನಿಮ್ಮ ಕೈಯಾಗ ಇರ್ತೈತಿ."