ಕಟಿಂಗ್ ಮಾಸ್ಟರನ್ನು ಬೀದಿಯೇ ಕಾಪಾಡಿದ್ದು

ಬೆಳಗಿನಿಂದ ಕಟಿಂಗ್ ಮಾಸ್ಟರ್ ಕತ್ತರಿಸಿದ ಮೂರು ಅಂಗಿಗಳಿಗೂ ಎರಡೆರಡು ಎಡತೋಳುಗಳೇ ಬಂದಿದ್ದವು. ತಪ್ಪು ಕತ್ತರಿಯದಲ್ಲ, ಬಟ್ಟೆಯ ಕೆಳಗೆ ಬಚ್ಚಿಟ್ಟಿದ್ದ ಮೊಬೈಲಿನದು.

ಹೊಲಿಗೆ ಯಂತ್ರಕ್ಕೆಂದು ಹೆಂಡತಿ ಎರಡು ವರ್ಷ ಕೂಡಿಟ್ಟಿದ್ದ ದುಡ್ಡನ್ನು ಅವಳಿಗೆ ಹೇಳದೆ ಒಂದು ಪುಟಾಣಿ ಕ್ರಿಪ್ಟೊ ನಾಣ್ಯದ ಮೇಲೆ ಕಟ್ಟಿದ್ದ. ಸುಮ್ಮನೆ ಕೊಂಡಿಟ್ಟಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಇವನದು ಬೆಲೆ ಏರುತ್ತದೆಂಬ ಬಾಜಿ. ಒಂದು ಪಾಲು ತನ್ನದು, ಒಂಬತ್ತು ಪಾಲು ಆ್ಯಪಿನ ಸಾಲ. ಏರಿದರೆ ಮೋಟಾರಿರುವ ಯಂತ್ರವೇ ಮನೆಗೆ. ಇಳಿದು ಕೆಂಪು ಗೆರೆ ಮುಟ್ಟಿತೋ, ಆ್ಯಪು ಹೇಳದೆ ಕೇಳದೆ ಬಾಜಿ ಮುರಿದು, ಇವನ ಪಾಲನ್ನು ನುಂಗಿಬಿಡುತ್ತದೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನಂತೆ, ಮಾಸ್ಟರನ ಪ್ರಾಣ ಆ ಗೆರೆಯಲ್ಲಿತ್ತು. ಸಂಜೆ ಐದಕ್ಕೆ ಹೆಂಡತಿ ಆ ದುಡ್ಡು ಪಡೆದು ಯಂತ್ರ ಕೊಳ್ಳಲು ಅಂಗಡಿಗೆ ಬರುವವಳಿದ್ದಳು. ಬೆಲೆಯೋ, ಲಾಡಿ ಸಡಿಲವಾದ ಚಡ್ಡಿಯಂತೆ ಜಾರುತ್ತಿತ್ತು.

“ಏನೋ ತಮ್ಮ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?” ಎಂದಳು ಕಾಜಾ ಹೊಲಿಯುವ ಅಕ್ಕ.

“ಏನಿಲ್ಲಕ್ಕ.”

“ಏನಿಲ್ಲದೋನು ಗಿರಾಕಿಗೆ ಎರಡೂ ಎಡಗೈ ಕೊಡ್ತಾನಾ? ತೆಗಿ ಆ ಫೋನು!”

ಬಾಯಿಬಿಟ್ಟ. ಕೇಳುತ್ತ ನಿಂತ ಇಸ್ತ್ರಿ ಮಾಮ ಯಾರದೋ ಪ್ಯಾಂಟಿನ ಮೇಲೆ ಪೆಟ್ಟಿಗೆಯನ್ನು ಮರೆತು ಹೊಗೆ ಎಬ್ಬಿಸಿದ.

“ಅಯ್ಯೋ, ಆ ಹುಡುಗಿ ದುಡ್ಡೇನೋ! ಈಗೇನು ದಾರಿ?”

“ಬೇಗ ಇನ್ನಷ್ಟು ದುಡ್ಡು ಹಾಕಿದ್ರೆ ಗೆರೆ ಕೆಳಗಿಳಿಯುತ್ತೆ ಮಾಮ. ಬೆಲೆ ಈಗ ಇದ್ದಲ್ಲೇ ನಿಂತಿದೆ, ಉಳ್ಕೋಬಹುದು.”

“ನೀನು ತೆಪ್ಪಗೆ ಬಲತೋಳು ಕತ್ತರಿಸು. ನಾವಿದೀವಿ,” ಎಂದು ಅಕ್ಕ ಸೆರಗು ಸಿಕ್ಕಿಸಿ ಹೊರಟಳು. ಹಿಂದೆಯೇ ಮಾಮ.

ಹೊರಗೆ ಮೆಟ್ಟಿಲ ಮೇಲೆ ಇಬ್ಬರದೂ ಫೋನೋ ಫೋನು. “ಹೂಂ ಕಣೇ, ಎಲ್ಲಾನೂ... ನಿನ್ನ ನಾದಿನಿಗೂ ಹೇಳು... ಈಗಿಂದೀಗ್ಲೇ!” ಇಂಥ ಜನ ಯಾರಿಗುಂಟು ಎಂದು ಮಾಸ್ಟರನ ಕಣ್ಣು ತುಂಬಿತು. ಒರೆಸಿಕೊಂಡು ನೋಡುತ್ತಾನೆ, ಬೆಲೆ ಒಂದು ಮೆಟ್ಟಿಲು ಇಳಿಯಿತು. ಮತ್ತೆ ಮೂರು. ಆಮೇಲೆ ಹಗ್ಗ ಹರಿದ ಕೊಡದಂತೆ ಒಂದೇ ಸಮನೆ ಕೆಳಗೆ. ಗೆರೆ ಮುಟ್ಟಿತು. ಬಾಜಿ ಮುಗಿಯಿತು. ಉಳಿದದ್ದು ಸೊನ್ನೆ.

ಅಷ್ಟರಲ್ಲಿ ಇಬ್ಬರೂ ಏದುಸಿರು ಬಿಡುತ್ತ ನುಗ್ಗಿದರು.

“ಹದಿನೇಳು ಮನೆ ದುಡ್ಡು ಕಣೋ! ಹಾಕು ಬೇಗ!”

“ಇಷ್ಟು ಬೇಗ ಎಲ್ಲಿಂದಕ್ಕ?”

“ಹೋದ ತಿಂಗಳು ನೀನೇ ಹೊಗಳಿದ್ಯಲ್ಲ, ಇದೇ ನಾಣ್ಯ! ಬೀದಿಯೆಲ್ಲ ಕೊಂಡಿಟ್ಟಿತ್ತು. ಎಲ್ಲರೂ ಒಟ್ಟಿಗೇ ಮಾರಿಬಿಟ್ವಿ.”

“ಕೊಳ್ಳೋರೇ ಇಲ್ಲಪ್ಪ,” ಎಂದ ಮಾಮ. “ಮಾರಿದಷ್ಟೂ ಬೆಲೆ ಬೀಳ್ತಿತ್ತು. ಬಿದ್ರೆ ಬೀಳ್ಲಿ ಅಂತ ಸಿಕ್ಕಿದ್ದಕ್ಕೆ ಕೊಟ್ವಿ. ಎಲ್ಲರಿಗಿಂತ ಮೊದಲು ಮಾರಿದ್ದು ನಿನ್ನ ಹೆಂಡ್ತಿ! ಅವಳೂ ಗುಟ್ಟಾಗಿ ಒಂದಿಷ್ಟು ಕೊಂಡಿಟ್ಟಿದ್ಲಂತೆ. ‘ಅವರು ಹೆದರ್ಕೊಂಡಿರ್ತಾರೆ ಮಾಮ, ಬೈಬೇಡಿ’ ಅಂದ್ಲು ಕಣೋ.”

ಮಾಸ್ಟರ್ ಇಬ್ಬರ ಬೆವರಿದ ಮುಖಗಳನ್ನೂ ನೋಡಿದ. ಫೋನನ್ನು ಮೆಲ್ಲಗೆ ಬಟ್ಟೆಯ ಕೆಳಗೆ ತಳ್ಳಿದ.

“ಉಳೀತೇನೋ?” ಎಂದಳು ಅಕ್ಕ, ಉಸಿರು ಬಿಗಿಹಿಡಿದು.

“ಉಳೀತಕ್ಕ. ನಿಮ್ಮ ದುಡ್ಡು ಬೇಕಾಗ್ಲಿಲ್ಲ. ವಾಪಸ್ ಕೊಟ್ಬಿಡಿ.”

“ನೋಡಿದ್ಯಾ! ನಾವಿಲ್ದೇ ಹೋಗಿದ್ರೆ ನಿನ್ನ ಗತಿ ಏನಾಗ್ತಿತ್ತೋ!” ಅಕ್ಕ ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದಳು: “ದುಡ್ಡು ಉಳೀತಂತೆ ಕಣ್ರೇ! ಐದು ಗಂಟೆಗೆ ಎಲ್ಲರೂ ಬನ್ನಿ, ಹೊಸಾ ಯಂತ್ರ ನೋಡೋಕೆ!”