ದಿನಾ ನಂಬರು ಬದಲಿಸುತ್ತಿದ್ದ ಪ್ರಿಂಟರು

ಪ್ರಿಂಟರು ರಿಪೇರಿ ಮಾಡುವವನ ಬದುಕಿನಲ್ಲಿ ನಗುವಂಥದ್ದೇನಿರುತ್ತದೆ ಎಂದು ಕೇಳುವವರಿದ್ದಾರೆ. ನಂಜನಗೂಡಿನ ನಮ್ಮ ಅಂಗಡಿಯಿಂದ ಬ್ಯಾಗು ಹೆಗಲಿಗೇರಿಸಿ ಹೊರಟರೆ ಸಂಜೆಯೊಳಗೆ ಒಂದಾದರೂ ಫಜೀತಿ ಕಾದೇ ಇರುತ್ತಿತ್ತು. ಅದರಲ್ಲೂ ತಿ. ನರಸೀಪುರದ ಒಂದು ಕಚೇರಿಯಲ್ಲಿ ಆ ಒಂದು ವರ್ಷ ನಡೆದದ್ದನ್ನು ನೆನೆದರೆ ಮೊದಲು ನಗು ಬರುತ್ತದೆ. ಆಮೇಲೆ ಬರುವುದು ನಗುವಲ್ಲ. ಮುಚ್ಚುಮರೆ ಯಾಕೆ, ಅಲ್ಲಿನ ಕಂಪ್ಯೂಟರ್ ಆಪರೇಟರ್ ಎಂದರೆ ನನಗೆ ಪ್ರಾಣ. ಅದನ್ನು ಅವರಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

೧. ಮೂರು ಅರ್ಜಿ

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾಲ್ಕು ಕಂಪ್ಯೂಟರಿಗೆ ಸೇರಿ ಒಂದು ಪ್ರಿಂಟರು, ವೈರು ಎಳೆದು ಎಲ್ಲವನ್ನೂ ಒಂದೇ ನೆಟ್‌ವರ್ಕಿಗೆ ಕಟ್ಟಿದ್ದರು. ವಾರ ಹತ್ತು ದಿನಕ್ಕೊಮ್ಮೆ ಪ್ರಿಂಟು ನಿಂತುಹೋಗುತ್ತಿತ್ತು. ಹೋಗಿ ನೋಡಿದರೆ ಕಾರಣ ಸುಲಭವಾಗಿಯೇ ಸಿಕ್ಕಿತು. ಜವಾನ ದಿನಾ ಸಂಜೆ ಬೀಗ ಹಾಕುವ ಮುಂಚೆ ಮೈನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಿದ್ದ. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ವಿಳಾಸದಂತೆ ಒಂದು ನಂಬರು ಇರುತ್ತದೆ. ಬೆಳಿಗ್ಗೆ ಯಾವುದು ಮೊದಲು ಆನ್ ಆಯಿತೋ ಅದಕ್ಕೆ ಮೊದಲ ನಂಬರು, ನ್ಯಾಯಬೆಲೆ ಅಂಗಡಿಯ ಟೋಕನ್ನಿನ ಹಾಗೆ. ಪ್ರಿಂಟರು ತಡವಾಗಿ ಎದ್ದ ದಿನ ಅದರ ನಂಬರು ಬೇರೆ. ಕಂಪ್ಯೂಟರುಗಳು ಪಾಪ, ಹಳೆಯ ನಂಬರಿಗೇ ಕಾಗದ ಕಳಿಸುತ್ತಿದ್ದವು.

ಮೈನ್ ಆರಿಸಬೇಡ ಎಂದರೆ ಜವಾನ ಒಪ್ಪಲಿಲ್ಲ. "ಕರೆಂಟು ಅಂಗೇ ಬುಟ್ಬುಟ್ಟು ಓದ್ರೆ ನಂಗೆ ಮನೇಲಿ ನಿದ್ದೆ ಬರಕಿಲ್ಲ ಸಾ."

ಪ್ರಿಂಟರಿನ ವಿಳಾಸ ಬದಲಾಗುತ್ತಿರುತ್ತದೆ ಎಂದು ಸಾಹೇಬರಿಗೆ ವಿವರಿಸಿದೆ. ಅವರು ಕನ್ನಡಕ ತೆಗೆದು ಪ್ರಿಂಟರನ್ನೇ ದಿಟ್ಟಿಸಿದರು. "ವರ್ಗಾವಣೆ ಕೊಡಿ ಅಂತ ಮೂರು ಅರ್ಜಿ ಹಾಕಿದೀನಿ ಕಣ್ರೀ. ಆರು ವರ್ಷದಿಂದ ಇಲ್ಲೇ ಕೂತಿದೀನಿ. ಇದಕ್ಕೆ ದಿನಾ ಆಗುತ್ತಾ?"

೨. ಅಬ್ಸರ್ವೇಷನ್

ಮದ್ದು ಐದು ನಿಮಿಷದ್ದು. ಪ್ರಿಂಟರಿನ ಮೆನು ತೆರೆದು, ನೆಟ್‌ವರ್ಕಿಗೆ ಹೋಗಿ, ನಂಬರನ್ನು ಕೈಯಾರೆ ಹಾಕಿಬಿಟ್ಟರೆ ಮುಗಿಯಿತು, ಅದು ಮತ್ತೆ ಬದಲಾಗುವುದಿಲ್ಲ. ಎರಡನೇ ಸಲ ಹೋದಾಗ ಬೆರಳು ಗುಂಡಿಯ ಮೇಲೇ ಇತ್ತು. ಅಷ್ಟರಲ್ಲಿ ಆಪರೇಟರ್ ಕಾಫಿ ಲೋಟ ತಂದು ಪಕ್ಕದಲ್ಲಿಟ್ಟರು. ಸೋಸಲೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು, ಮಾತು ಕಡಿಮೆ. "ಇದು ಸರಿಹೋದ್ರೆ ನೀವು ಮತ್ತೆ ಬರೋ ಹಾಗಿಲ್ಲ ಅಲ್ವಾ?" ಎಂದರು.

ಬೆರಳು ತಾನಾಗಿಯೇ ಹಿಂದೆ ಬಂತು. "ಹಾಗೆಲ್ಲ ಹೇಳಕ್ಕಾಗಲ್ಲ ಮೇಡಂ. ಸ್ವಲ್ಪ ದಿನ ಅಬ್ಸರ್ವೇಷನ್ನಲ್ಲಿ ಇಡ್ಬೇಕು."

ಅಂದಿನಿಂದ ಕಂಪ್ಯೂಟರುಗಳಿಗೆ ಆ ದಿನದ ನಂಬರನ್ನಷ್ಟೇ ಹೇಳಿಕೊಟ್ಟು ಬರುತ್ತಿದ್ದೆ. ಹತ್ತು ದಿನಕ್ಕೆ ಮತ್ತೆ ಫೋನು, ಮತ್ತೆ ಬಸ್ಸು. ಬ್ಯಾಗಿನಲ್ಲಿ ಸ್ಕ್ರೂಡ್ರೈವರಿನ ಜೊತೆ ಒಂದು ಚಿಪ್ಪು ರಸಬಾಳೆ. ನನ್ನ ಮಾತನ್ನು ಗಟ್ಟಿಯಾಗಿ ನಂಬಿದವನು ಜವಾನ ಒಬ್ಬನೇ. ಬೆಳಿಗ್ಗೆ ಬಂದ ಕೂಡಲೇ ಪ್ರಿಂಟರಿನ ಮೇಲೆ ಅಂಗೈ ಇಟ್ಟು ನೋಡಿ ವರದಿ ಒಪ್ಪಿಸುತ್ತಿದ್ದ: "ಇವತ್ತು ಮೈ ತಣ್ಣಗದೆ ಸಾ. ಜ್ವರ ಇಲ್ಲ."

೩. ವಿಭೂತಿ

ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಹೋಗುವಷ್ಟರಲ್ಲಿ ಜವಾನ ಪ್ರಿಂಟರಿನ ಪುಟ್ಟ ಪರದೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು ಮುಗಿಸಿದ್ದ. ಒಳಗಿನ ನಂಬರು ಶಿವನಿಗೇ ಕಾಣಬೇಕು. ಒರೆಸಲು ಹೋದರೆ ಕೈ ಹಿಡಿದ. "ಪೂಜೆ ಮಾಡಿದ್ದ ಇವತ್ತು ಮುಟ್ಟಂಗಿಲ್ಲ ಸಾ. ನಾಳೀಕೆ ಇಜಯದಶಮಿ ಆಗ್ಲಿ."

ಕೆಲಸವಿಲ್ಲದೆ ಆಪರೇಟರ ಪಕ್ಕದ ಕುರ್ಚಿಯಲ್ಲಿ ಕೂತು ಕಡ್ಲೆಪುರಿ ತಿಂದೆ. ಅಷ್ಟು ಸುಖವಾಗಿ ನಾನು ಯಾವ ಹಬ್ಬದಲ್ಲೂ ಕೂತಿಲ್ಲ. ಅವರು ಪುರಿಯೊಳಗಿನ ಕಡಲೆಯನ್ನೆಲ್ಲ ಆರಿಸಿ ನನ್ನ ಕಾಗದದ ಮೇಲೆ ಹಾಕುತ್ತಿದ್ದರು. ತಲೆ ತಗ್ಗಿಸಿಕೊಂಡೇ, "ಒಂದ್ಸಲ ನಮ್ಮೂರಿಗೆ ಬನ್ನಿ. ಹೊಳೆ ಚೆನ್ನಾಗಿರುತ್ತೆ. ಮನೇಲೂ ಎಲ್ಲಾ ಇರ್ತಾರೆ" ಎಂದರು.

ಇದಕ್ಕಿಂತ ಬಿಡಿಸಿ ಒಬ್ಬ ಹೆಣ್ಣುಮಗಳು ಹೇಗೆ ಹೇಳಬೇಕು? ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ, ಅದು ಕೇಳಿತು: "ಅಲ್ಲೂ ಪ್ರಿಂಟರ್ ಇದ್ಯಾ ಮೇಡಂ?"

೪. ಎರಡು ದಿನದ ತರಬೇತಿ

ಆಮೇಲೂ ಕೆಲವು ತಿಂಗಳು ಹೋಗಿ ಬಂದೆ. ಪ್ರತಿ ಸಲವೂ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಬಸ್ಸು ಹತ್ತುವುದು, ಕಂಪ್ಯೂಟರುಗಳಿಗೆ ನಂಬರು ಹೇಳಿಕೊಟ್ಟು ವಾಪಸು ಬರುವುದು. ಒಮ್ಮೆ ತಿಂಗಳಾದರೂ ಫೋನು ಬರಲಿಲ್ಲ. ತಡೆಯಲಾರದೆ, ಸುಮ್ಮನೆ ಸರ್ವೀಸಿಗೆ ಬಂದೆ ಎಂದು ನೆಪ ಹೇಳಿ ಹೋದೆ.

ಅವರ ಕುರ್ಚಿಯಲ್ಲಿ ಬೇರೆ ಯಾರೋ ಒಬ್ಬರು ಕೂತಿದ್ದರು. "ಆ ಮೇಡಂಗೆ ಚಿತ್ರದುರ್ಗದ ಕಡೆಗೆ ವರ್ಗ ಆಯ್ತಲ್ಲ ಸಾರ್. ಪ್ರಿಂಟರಿಗೇನು, ಚೆನ್ನಾಗಿ ಓಡ್ತಿದೆ" ಎಂದು ಆ ಮೇಡಂ ಕೆಲಸ ಒಪ್ಪಿಸುವಾಗ ಬರೆದಿಟ್ಟುಹೋದ ಚಾರ್ಜು ಪಟ್ಟಿ ತೋರಿಸಿದರು. ಬೀರುವಿನ ಬೀಗದ ಕೈ, ರಿಜಿಸ್ಟರು, ಸ್ಟಾಂಪ್ ಪ್ಯಾಡು, ಎಲ್ಲ ಅವರ ದುಂಡು ಅಕ್ಷರದಲ್ಲಿ. ಕೊನೆಯಲ್ಲಿ ಹೀಗಿತ್ತು: "ಪ್ರಿಂಟರು ಒಂದು. ಮೆನುವಿನಲ್ಲಿ ನೆಟ್‌ವರ್ಕ್ ತೆರೆದು ನಂಬರನ್ನು ಕೈಯಾರೆ ಹಾಕಿದರೆ ಮತ್ತೆ ಬದಲಾಗುವುದಿಲ್ಲ." ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ, "ಕೈಪಿಡಿಯಲ್ಲಿ ಮೊದಲ ವಾರವೇ ಓದಿದ್ದೆ. ಮಾಡಲಿಲ್ಲ."

ಆ ಸಾಲನ್ನು ಬೆರಳಿಟ್ಟು ಇನ್ನೊಮ್ಮೆ ಓದಿದೆ. ಹಿಂದಿನಿಂದ ಬಗ್ಗಿ ಓದಿದ ಸಾಹೇಬರು ಶುರುಮಾಡಿದರು. "ಏನ್ರೀ ಇದು! ಕೈಪಿಡಿ ಓದಿ ಆ ಹೆಣ್ಣುಮಗಳಿಗೆ ಗೊತ್ತಾಗಿದ್ದು ಮೆಕ್ಯಾನಿಕ್ ನಿಮಗೆ ಒಂದು ವರ್ಷವಾದ್ರೂ ಗೊತ್ತಾಗ್ಲಿಲ್ವಾ?" ಗೊತ್ತಿತ್ತು ಎಂದರೆ, ಮತ್ತೆ ಯಾಕೆ ಮಾಡಲಿಲ್ಲ ಎಂದು ಕೇಳುತ್ತಾರೆ. ಬೈಗುಳವನ್ನು ತಲೆ ತಗ್ಗಿಸಿ ತಿಂದೆ. ಅವರು ಅಷ್ಟಕ್ಕೇ ಬಿಡದೆ ನಮ್ಮ ಮಾಲೀಕರಿಗೂ ಫೋನು ಮಾಡಿದರು.

ಮಾಲೀಕರು ಮರ್ಯಾದೆ ಹೋಯಿತೆಂದು ನನ್ನನ್ನು ಮೈಸೂರಿಗೆ ಎರಡು ದಿನದ ತರಬೇತಿಗೆ ಅಟ್ಟಿದರು. ಮೊದಲ ಬೆಂಚಿನಲ್ಲಿ ಕೂರಿಸಿದರು. ಮೇಷ್ಟ್ರು ಬೋರ್ಡಿನ ಮೇಲೆ ಮೆನು, ನೆಟ್‌ವರ್ಕ್ ಎಂದು ಬರೆದು, "ಈಗ ನಂಬರನ್ನು ನಾವೇ ಕೈಯಾರೆ ಹಾಕೋಣ. ಒಂದು ಸಲ ಹಾಕಿದ್ರೆ ಮುಗೀತು, ನೀವು ಮತ್ತೆ ಆ ಕಚೇರಿಗೆ ಹೋಗೋ ಅಗತ್ಯವೇ ಬರಲ್ಲ" ಎಂದರು. ನನ್ನ ಕಣ್ಣಲ್ಲಿ ದಳದಳ ನೀರು ಇಳಿಯಿತು, ತಡೆದರೂ ನಿಲ್ಲಲಿಲ್ಲ.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. "ಅಳ್ಬೇಡಿ ಸಾರ್. ಶುರುವಿನಲ್ಲಿ ಎಲ್ರಿಗೂ ಕಷ್ಟಾನೇ. ನಿಮಗೋಸ್ಕರ ಇನ್ನೊಂದ್ಸಲ ಹೇಳ್ಕೊಡ್ತೀನಿ."

ಪುಣ್ಯಾತ್ಮ, ಮೂರು ಸಲ ಹೇಳಿಕೊಟ್ಟರು.